ಅಜ್ಜಿ ಮನೆಯ ಬಕ್ಕೆ ಹಲಸಿನ ಬೀಜ ಹಾಕಿದರೆ ಅಂಬಲಿ ಯಾಕೆ ಬಂತು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಒಂಬತ್ತು ವರ್ಷದ ಹಿಂದೆ ಅಜ್ಜಿ ಮನೆಯ ಹಲಸಿನ ಬೀಜ ತಂದು ಹಿತ್ತಲಲ್ಲಿ ಹಾಕಿದ್ದೆವು. ಹೋದ ವರ್ಷ ಮೊದಲ ಸಲ ಹೆಬ್ಬೆರಳು ಗಾತ್ರದ ಕಾಯಿಗಳು ತುಂಬಾ ಬಂದವು. ಎಲ್ಲ ಕಪ್ಪಾಗಿ, ಬೂಷ್ಟು ಹಿಡಿದು ಉದುರಿದವು. ಅಂಗಡಿಯವರು ಕೊಟ್ಟ ಔಷಧಿ ಎರಡು ಸಲ ಹೊಡೆದೆವು. ಅತ್ತೆ ದೃಷ್ಟಿ ತಾಗಿದೆ ಎಂದು ಮರಕ್ಕೆ ಹಳೇ ಚಪ್ಪಲಿ ಕಟ್ಟಿದರು. ಈ ವರ್ಷವೂ ಹಾಗೇ ಉದುರಿ, ಒಂದೇ ಒಂದು ಕಾಯಿ ನಿಂತಿತು. ಅದೂ ಒಂದು ಕಡೆ ಸೊಟ್ಟ. ಹಣ್ಣಾದ ಮೇಲೆ ಕೊಯ್ದರೆ ಅಜ್ಜಿ ಮನೆಯ ಗಟ್ಟಿ ತೊಳೆಯ ಕೆಂಪು ಬಕ್ಕೆ ಅಲ್ಲ, ಬಿಳಿಚಿಕೊಂಡ ಮೆತ್ತನೆ ತೊಳೆಯ ಅಂಬಲಿ! ಏಳನೇ ಕ್ಲಾಸಿನ ಮಗಳು ಬೇರೆ, ಹಲಸಿಗೆ ಹೂವೇ ಇಲ್ಲವಲ್ಲ, ಕಾಯಿ ಹೇಗಾಯಿತು ಎಂದು ಕೇಳುತ್ತಾಳೆ. ಅಜ್ಜಿ ಮನೆಯ ಮರವನ್ನು ರಸ್ತೆ ಅಗಲ ಮಾಡಲು ಮುಂದಿನ ಬೇಸಿಗೆಯಲ್ಲಿ ಕಡಿಯುತ್ತಾರಂತೆ. ಅದಕ್ಕೆ ಮೊದಲು ಇನ್ನೊಂದಿಷ್ಟು ಬೀಜ ತಂದು ಹಾಕಿ ನೋಡೋಣವಾ?

ಉತ್ತರ: ಬೀಜ ಬೇಡ. ಕಸಿ ಕಟ್ಟಲು ಆ ಮರದ ಕಡ್ಡಿ ತನ್ನಿ. ಯಾಕೆ ಅನ್ನುವುದಕ್ಕೆ ಸ್ವಲ್ಪ ಉದ್ದದ ಉತ್ತರವೇ ಬೇಕು. ನಿಮ್ಮ ಮಗಳ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಅದಕ್ಕೆ ಉತ್ತರ ಸಿಕ್ಕರೆ ನಿಮ್ಮ ಉಳಿದ ಪ್ರಶ್ನೆಗಳು ಅರ್ಧ ಬಗೆಹರಿದ ಹಾಗೆ.

ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಪ್ರತಿ ಜನವರಿಯಲ್ಲಿ ಒಂದು ತಮಾಷೆ ಮಾಡುತ್ತಿದ್ದೆ. ನಾಳೆ ಬರುವಾಗ ಎಲ್ಲರೂ ಹಲಸಿನ ಹೂವು ತನ್ನಿ ಎನ್ನುತ್ತಿದ್ದೆ. ಹಲಸಿನ ಮರದ ಕೆಳಗೇ ಆಡಿ ಬೆಳೆದ ಹುಡುಗರು ಬರಿಗೈಲಿ ಬರುತ್ತಿದ್ದರು. ಒಂದು ವರ್ಷ ಒಬ್ಬ ಮಾತ್ರ, ಸುಮ್ನೆ ಬರಬಾರದು ಅಂತ, ಪಲ್ಯಕ್ಕೆ ಆಗುವಂಥ ಒಂದು ಗುಜ್ಜೆ, ಅಂದರೆ ಎಳೆ ಹಲಸಿನಕಾಯಿ, ಹಿಡಿದುಕೊಂಡು ಬಂದ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಸರಿಯಾದ ಉತ್ತರಕ್ಕೆ ಎಲ್ಲರಿಗಿಂತ ಹತ್ತಿರ ಇದ್ದವನು ಅವನೇ.

ಹಲಸಿನ ಹೂವಿಗೆ ಬಣ್ಣದ ಎಸಳಿಲ್ಲ. ಒಂದೊಂದು ಹೂವೂ ಸೂಜಿಮೊನೆಯ ಲೆಕ್ಕದ್ದು. ಅಂಥ ನೂರಾರು ಹೂವು, ಕೆಲವೊಮ್ಮೆ ಸಾವಿರಕ್ಕೂ ಜಾಸ್ತಿ, ಒಂದು ದಿಂಡಿನ ಸುತ್ತ ಒತ್ತೊತ್ತಾಗಿ ಕೂತಿರುತ್ತವೆ. ನೀವು ಎಳೆ ಕಾಯಿ ಅಂದುಕೊಂಡದ್ದು ಅದನ್ನೇ. ಅದು ಕಾಯಲ್ಲ, ಹೂಗೊಂಚಲು. ಮೊದಲು ಹಾಳೆಯಂಥ ಹೊದಿಕೆಯ ಒಳಗೆ ಮುಚ್ಚಿಕೊಂಡಿರುತ್ತದೆ, ಹೊದಿಕೆ ಬಿದ್ದ ಮೇಲೆ ಕಾಣುತ್ತದೆ.

ಈ ಗೊಂಚಲಲ್ಲಿ ಎರಡು ಜಾತಿ. ಒಂದರಲ್ಲಿ ಬರೀ ಗಂಡು ಹೂವು, ಇನ್ನೊಂದರಲ್ಲಿ ಬರೀ ಹೆಣ್ಣು ಹೂವು. ಎರಡೂ ಒಂದೇ ಮರದಲ್ಲಿ ಬರುತ್ತವೆ. ಗಂಡು ಹೂವು ಅಂದರೆ ಒಂದೇ ಒಂದು ಕೇಸರ, ಅದರ ತುದಿಯಲ್ಲಿ ಹಳದಿ ಪರಾಗ, ಅಷ್ಟೇ. ಹೆಣ್ಣು ಹೂವಿನಲ್ಲಿ ಒಂದು ಅಂಡಾಶಯ, ಅದರೊಳಗೆ ಮುಂದೆ ಬೀಜ ಆಗಬೇಕಾದ ಒಂದೇ ಅಂಡಕ, ಮೇಲಕ್ಕೆ ಚಾಚಿದ ಒಂದು ಎಳೆ. ಆ ಎಳೆಯ ತುದಿಗೆ ಪರಾಗ ಅಂಟಬೇಕು.

ಗುರುತಿಸುವುದು ಕಷ್ಟವಿಲ್ಲ. ಗಂಡಿನ ತೊಟ್ಟು ಸಣಕಲು, ಮೈ ನುಣುಪು, ಸಣ್ಣ ರೆಂಬೆಗಳ ತುದಿಯಲ್ಲೂ ಬರುತ್ತದೆ. ಅರಳಿದಾಗ ಬೆರಳಿಂದ ತಟ್ಟಿದರೆ ಹಳದಿ ಪುಡಿ ಉದುರುತ್ತದೆ, ಮೂಗಿನ ಹತ್ತಿರ ಹಿಡಿದರೆ ಸಿಹಿ ವಾಸನೆ. ಹೆಣ್ಣಿನ ತೊಟ್ಟು ದಪ್ಪ. ತೊಟ್ಟು ಮುಗಿದು ಗೊಂಚಲು ಶುರುವಾಗುವ ಜಾಗದಲ್ಲಿ ಅಗಲವಾದ ಹಸಿರು ಬಳೆ ತೊಡಿಸಿದ ಹಾಗೆ ಇರುತ್ತದೆ. ಮೈ ತರಿತರಿ. ಅದು ಬರುವುದು ಹೆಚ್ಚಾಗಿ ಕಾಂಡದ ಮೇಲೆ, ದಪ್ಪ ಕೊಂಬೆಗಳ ಮೇಲೆ. ಮುಂದೆ ಹತ್ತಿಪ್ಪತ್ತು ಕಿಲೋ ತೂಗುವ ಹಣ್ಣನ್ನು ಹೊರಬೇಕಲ್ಲ, ಸಣ್ಣ ರೆಂಬೆಯಿಂದ ಆಗದು.

ಈಗ ನಿಮ್ಮ ಮರಕ್ಕೆ ಬರೋಣ. ಎಳೇ ಮರಗಳಲ್ಲಿ ಮೊದಲ ವರ್ಷ ಬರೀ ಗಂಡು ಗೊಂಚಲು ಬರುವುದು ತೀರಾ ಸಾಮಾನ್ಯ. ಗಂಡು ಗೊಂಚಲಿಗೆ ಇರುವುದು ಒಂದೇ ಕೆಲಸ. ಪರಾಗ ಉದುರಿಸಿದರೆ ಕೆಲಸ ಮುಗಿಯಿತು. ಆಮೇಲೆ ಅದು ಕಪ್ಪಾಗುತ್ತದೆ, ಬೂಷ್ಟು ಹಿಡಿಯುತ್ತದೆ, ಬೀಳುತ್ತದೆ. ನಿಮ್ಮ ಮರದಲ್ಲಿ ಹೋದ ವರ್ಷ ಉದುರಿದ್ದು ಇವೇ ಇರಬೇಕು. ರೋಗವೂ ಅಲ್ಲ, ಗೊಬ್ಬರದ ಕೊರತೆಯೂ ಅಲ್ಲ, ದೃಷ್ಟಿಯಂತೂ ಅಲ್ಲವೇ ಅಲ್ಲ. ಚಪ್ಪಲಿಯಿಂದ ಮರಕ್ಕೇನೂ ತೊಂದರೆಯಿಲ್ಲ, ಅತ್ತೆಯವರಿಗೆ ಸಮಾಧಾನ ಆಗುವುದಾದರೆ ಇರಲಿ ಬಿಡಿ. ಔಷಧಿಯ ಬಗ್ಗೆ ಮಾತ್ರ ನನ್ನ ತಕರಾರಿದೆ.

ಗಂಡಿನ ಪರಾಗ ಹೆಣ್ಣಿಗೆ ತಲುಪುವುದು ಹೇಗೆ? ಗಾಳಿಯಿಂದ ಎಂದೇ ನಾವು ಬಹಳ ಕಾಲ ಪಾಠ ಮಾಡಿದೆವು. ಹಲಸಿನ ಹತ್ತಿರದ ಸಂಬಂಧಿ ಚೆಂಪೆಡಾಕ್ ಎಂಬ ಮರ ಬೋರ್ನಿಯೊ ಕಾಡುಗಳಲ್ಲಿದೆ. ಅದರ ಗಂಡು ಗೊಂಚಲಿನ ಮೇಲೆ ಒಂದು ಬೂಷ್ಟು ಬೆಳೆಯುತ್ತದೆ, ಆ ಬೂಷ್ಟನ್ನು ತಿನ್ನಲು ಪುಟ್ಟ ನೊಣಗಳು ಬರುತ್ತವೆ, ಅವೇ ಪರಾಗವನ್ನೂ ಸಾಗಿಸುತ್ತವೆ ಎಂದು 2000ದಲ್ಲಿ ಸಂಶೋಧಕರು ತೋರಿಸಿದರು. 2018ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ನೆಟ್ಟ ನಮ್ಮದೇ ಹಲಸಿನ ಮರಗಳಲ್ಲೂ ಇಂಥದೇ ಒಂದು ನೊಣ ಸಿಕ್ಕಿತು. ಸೊಳ್ಳೆಗಿಂತ ಚಿಕ್ಕದು, ಭತ್ತದ ಗದ್ದೆಯಲ್ಲಿ ಕಾಟ ಕೊಡುವ ಕಣೆ ನೊಣದ ಕುಟುಂಬದ್ದು. ಅದರ ಮರಿಗಳು ಬೆಳೆಯುವುದು ಬೂಷ್ಟು ಹಿಡಿದ ಗಂಡು ಗೊಂಚಲಲ್ಲೇ. ನೀವು ರೋಗ ಅಂದುಕೊಂಡ ಕಪ್ಪು ಬೂಷ್ಟು ಒಂದು ಕಡೆಯಿಂದ ಈ ನೊಣಗಳ ಅನ್ನ. ಹೂವಿನ ಸಮಯದಲ್ಲಿ ಕೀಟನಾಶಕ ಹೊಡೆದರೆ ಪರಾಗ ಹೊರುವವರನ್ನೇ ಓಡಿಸಿದ ಹಾಗೆ.

ಹಾಗಂತ ಬೂಷ್ಟೆಲ್ಲ ಒಳ್ಳೆಯದು ಎಂದೂ ಅಲ್ಲ. ದಪ್ಪ ತೊಟ್ಟಿನ ಹೆಣ್ಣು ಕಾಯಿಗೇ ಕೊಳೆ ಹತ್ತಿದರೆ ಅದು ನಿಜವಾದ ರೋಗ, ಮೋಡ ಮಳೆ ಇದ್ದಾಗ ಜಾಸ್ತಿ. ಆಗ ಕೊಳೆತ ಕಾಯಿ ತೆಗೆದು ದೂರ ಹಾಕಿ. ಕಾಯಿಗೆ ತಾಗಿಕೊಂಡೇ ಒಣಗಿ ನಿಂತ ಗಂಡು ಗೊಂಚಲನ್ನೂ ಕಿತ್ತುಬಿಡಿ. ಉಳಿದದ್ದನ್ನು ಮರದ ಪಾಡಿಗೆ ಬಿಡಿ.

ಇನ್ನು ಸೊಟ್ಟ ಕಾಯಿ. ಇದು ನನಗೆ ಬಹಳ ಇಷ್ಟದ ವಿಷಯ, ಯಾಕೆಂದರೆ ಕತ್ತಿ ಹಿಡಿದು ಮಗಳಿಗೆ ತೋರಿಸಬಹುದು.

ಒಂದು ಹಲಸಿನ ಹಣ್ಣು ಅಂದರೆ ಒಂದು ಹೂವಿನ ಹಣ್ಣಲ್ಲ. ಒಂದು ಗೊಂಚಲಿನ ಎಲ್ಲ ಹೆಣ್ಣು ಹೂವುಗಳೂ ಸೇರಿ ಆದ ಒಟ್ಟು ಕುಟುಂಬ. ನಡುವಿನ ಗೂಂಜು ಇದೆಯಲ್ಲ, ಅದು ಗೊಂಚಲಿನ ದಿಂಡು. ಹೊರಗಿನ ಒಂದೊಂದು ಮುಳ್ಳೂ ಒಂದೊಂದು ಹೂವಿನ ತುದಿ. ಹೂವನ್ನು ಸುತ್ತಿದ ಹೊದಿಕೆಯ ತುದಿಭಾಗ ಗಟ್ಟಿಯಾಗಿ ಮುಳ್ಳಾಯಿತು. ಮಧ್ಯಭಾಗ ಅಕ್ಕಪಕ್ಕದ ಹೂವುಗಳದರ ಜೊತೆ ಅಂಟಿಕೊಂಡು ಸಿಪ್ಪೆಯಾಯಿತು. ಕೆಳಭಾಗ ಯಾರಿಗೂ ಅಂಟದೆ ಉಬ್ಬಿ, ರಸ ತುಂಬಿ, ನಾವು ತಿನ್ನುವ ತೊಳೆಯಾಯಿತು. ಆದರೆ ಈ ಉಬ್ಬುವ ಕೆಲಸ ನಡೆಯುವುದು ಆ ಹೂವಿಗೆ ಪರಾಗ ಸಿಕ್ಕಿ, ಒಳಗೆ ಬೀಜ ಕಟ್ಟಿದರೆ ಮಾತ್ರ. ಪರಾಗ ಸಿಗದ ಹೂವು ಚಪ್ಪಟೆ ನಾರಾಗಿ ಉಳಿಯುತ್ತದೆ. ತೊಳೆ ಬಿಡಿಸುವಾಗ ನಡುನಡುವೆ ಸಿಗುವ, ದನಕ್ಕೆ ಹಾಕುವ ಆ ಎಳೆಗಳೆಲ್ಲ ಪರಾಗ ಸಿಗದ ಹೂವುಗಳೇ.

ಒಂದು ಪಕ್ಕದ ಹೂವುಗಳಿಗೆಲ್ಲ ಪರಾಗ ಸಿಗದಿದ್ದರೆ ಆ ಪಕ್ಕ ಉಬ್ಬುವುದೇ ಇಲ್ಲ, ಕಾಯಿ ಸೊಟ್ಟ. ಸೊಟ್ಟ ಇರುವ ಕಡೆ ಕೊಯ್ದು ನೋಡಿದರೆ ಬರೀ ನಾರು ಸಿಗುತ್ತದೆ. ನಿಮ್ಮದು ಒಂಟಿ ಮರವೇ? ಸುತ್ತಮುತ್ತ ಬೇರೆ ಹಲಸು ಇಲ್ಲದಿದ್ದರೆ, ಇದ್ದ ಮರದಲ್ಲೂ ಗಂಡು ಹೆಣ್ಣು ಗೊಂಚಲುಗಳ ಸಮಯ ಹೊಂದದಿದ್ದರೆ ಹೀಗಾಗುತ್ತದೆ. ಇದಕ್ಕೆ ಕೈಯಾರೆ ಮಾಡುವ ಉಪಾಯ ಒಂದಿದೆ. ಹಳದಿ ಪುಡಿ ಉದುರುತ್ತಿರುವ ಗಂಡು ಗೊಂಚಲೊಂದನ್ನು ಕಿತ್ತು, ಎಳೆಗಳು ಹೊರಗೆ ಚಾಚಿರುವ ಹೆಣ್ಣು ಗೊಂಚಲಿನ ಮೈಗೆ ಸುತ್ತಲೂ ಮೆಲ್ಲಗೆ ಸವರಿ. ಎರಡು ಮೂರು ದಿನ ಬಿಟ್ಟು ಇನ್ನೊಮ್ಮೆ ಮಾಡಿ, ಯಾಕೆಂದರೆ ಎಲ್ಲ ಹೂವೂ ಒಂದೇ ದಿನ ತಯಾರಾಗುವುದಿಲ್ಲ.

ಕೊನೆಗೆ ಬಂತು ಬಕ್ಕೆ ಅಂಬಲಿಯ ಪ್ರಶ್ನೆ. ಬಕ್ಕೆ ಅಂದರೆ ಗಟ್ಟಿ ತೊಳೆಯದು, ಅಂಬಲಿ ಅಂದರೆ ಬೆರಳು ಹಾಕಿದರೆ ಕರಗುವಂಥದು, ಕರಾವಳಿಯವರು ತುಳುವ ಎನ್ನುವುದು. ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂದು ನಂಬಿ ನೀವು ಬೀಜ ಹಾಕಿದಿರಿ. ಆದರೆ ಹಲಸಿನ ಮಗಳಿಗೆ ಒಬ್ಬ ಅಪ್ಪನೂ ಇದ್ದಾನೆ. ಅವನು ಯಾವ ಗುಡ್ಡದ ಯಾವ ಮರವೋ ಯಾರಿಗೂ ಗೊತ್ತಿಲ್ಲ.

ಪರಾಗದ ಕಣ ಹೆಣ್ಣು ಹೂವಿನ ಎಳೆಗೆ ಅಂಟಿದ ಮೇಲೆ ಅದರಿಂದ ಒಂದು ಸಣ್ಣ ಕೊಳವೆ ಹೊರಟು ಕೆಳಗೆ ಅಂಡಕದವರೆಗೆ ಇಳಿಯುತ್ತದೆ. ಅದರೊಳಗೆ ಎರಡು ಗಂಡು ಕೋಶಗಳು ಪ್ರಯಾಣ ಮಾಡುತ್ತವೆ. ಒಂದು ಅಂಡದ ಜೊತೆ ಸೇರುತ್ತದೆ, ಅದು ಭ್ರೂಣ, ಅಂದರೆ ಮುಂದಿನ ಮರ. ಇನ್ನೊಂದು ಸುಮ್ಮನೆ ಬಂದದ್ದಲ್ಲ. ಅದು ಪಕ್ಕದಲ್ಲೇ ಇರುವ ಬೇರೆ ಕೋಶಕೇಂದ್ರಗಳ ಜೊತೆ ಸೇರಿ ಮರಿಗೆ ಬುತ್ತಿ ಕಟ್ಟುತ್ತದೆ. ಇದನ್ನು ಭ್ರೂಣಾಹಾರ ಎನ್ನುತ್ತಾರೆ. ಹೂ ಬಿಡುವ ಗಿಡಗಳಲ್ಲಿ ಹೀಗೆ ಎರಡೆರಡು ಕೂಡಿಕೆ ನಡೆಯುತ್ತದೆ ಎಂದು ಮೊದಲು ಕಂಡದ್ದು 1898ರಲ್ಲಿ, ರಷ್ಯಾದ ನವಾಶಿನ್ ಎಂಬ ವಿಜ್ಞಾನಿ. ನಾವಂತೂ ಈ ಬುತ್ತಿಯನ್ನು ದಿನಾ ತಿನ್ನುತ್ತೇವೆ. ಅಕ್ಕಿ, ರಾಗಿ, ಗೋಧಿಯ ಹಿಟ್ಟೆಲ್ಲ ಅದೇ. ಎಳನೀರೂ ಅದೇ, ಕೊಬ್ಬರಿಯೂ ಅದೇ. ಇನ್ನು ಆರ್ಕಿಡ್‌ನ ಬೀಜಕ್ಕೆ ಬುತ್ತಿಯೇ ಇಲ್ಲ. ಧೂಳಿನಂಥ ಬೀಜ, ಮಣ್ಣಿನ ಶಿಲೀಂಧ್ರ ಸಿಕ್ಕಿದರೆ ಮಾತ್ರ ಬದುಕು. ಕನ್ನಡಿಗರು ಸಾಹಿತಿ ಎಂದೇ ನೆನೆಯುವ ಬಿ.ಜಿ.ಎಲ್. ಸ್ವಾಮಿಯವರು ಸಸ್ಯವಿಜ್ಞಾನಿಯಾಗಿ ಕೂಲಂಕಷವಾಗಿ ನೋಡಿದ್ದು ಈ ಆರ್ಕಿಡ್‌ಗಳ ಭ್ರೂಣಗಳನ್ನು.

ಹಲಸಿನಲ್ಲಿ ಮರಿ ತನ್ನ ಬುತ್ತಿಯನ್ನು ಮೊದಲೇ ತಿಂದು ಮುಗಿಸಿ, ಎರಡು ದಪ್ಪ ಬೀಜದಳಗಳಲ್ಲಿ ತುಂಬಿಕೊಳ್ಳುತ್ತದೆ. ಬೇಯಿಸಿದ ಹಲಸಿನ ಬೀಜ ಬಿಡಿಸುವಾಗ ಗಮನಿಸಿ. ಮೊದಲು ಸುಲಿಯುವ ಬಿಳಿ, ಗಟ್ಟಿ, ಜಾರುವ ಸಿಪ್ಪೆ ಬೀಜದ್ದಲ್ಲ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅಂಡಾಶಯ ಬೆಳೆದು ಆದದ್ದು ಅದು, ಅಂದರೆ ಅದೇ ನಿಜವಾದ ಹಣ್ಣಿನ ಗೋಡೆ! ನಾವು ಹಣ್ಣು ಎಂದು ತಿನ್ನುವುದು ಹೂವಿನ ಹೊದಿಕೆ, ಎಸೆಯುವುದು ಹಣ್ಣು. ಆಮೇಲೆ ಬರುವ ಕಂದು ತೆಳು ಪೊರೆ ಬೀಜದ ಸಿಪ್ಪೆ. ಒಳಗೆ ಒಂದು ದೊಡ್ಡದು ಒಂದು ಚಿಕ್ಕದು, ಎರಡು ಬೀಜದಳ. ಅವೆರಡರ ಸಂದಿಯಲ್ಲಿ ಕಡಲೆಬೇಳೆಗಿಂತ ಸಣ್ಣ ಮೊಳಕೆ.

ಈಗ ಮುಖ್ಯ ಮಾತು. ತೊಳೆ ಪೂರ್ತಿ ತಾಯಿ ಮರದ್ದು. ಅದರಲ್ಲಿ ಅಪ್ಪನ ಪಾಲು ಒಂದಿಷ್ಟೂ ಇಲ್ಲ. ಅದಕ್ಕೇ ಒಂದು ಮರದ ಎಲ್ಲ ಹಣ್ಣುಗಳ ಗುಣವೂ ಒಂದೇ. ಪಕ್ಕದ ಮನೆಯ ಅಂಬಲಿ ಮರದಿಂದ ನಮ್ಮ ಬಕ್ಕೆ ಕೆಟ್ಟಿತು ಎಂದು ಜಗಳ ಮಾಡುವವರನ್ನು ನಾನು ನೋಡಿದ್ದೇನೆ, ಅದು ಸುಳ್ಳು ದೂರು. ಆದರೆ ಅದೇ ತೊಳೆಯೊಳಗಿನ ಬೀಜ ಹೊಸ ಜೀವ, ಅರ್ಧ ತಾಯಿ ಅರ್ಧ ಅಪ್ಪ. ಒಂದು ಹಣ್ಣಿನಲ್ಲಿ ನೂರಿನ್ನೂರು ಬೀಜ ಇದ್ದರೆ, ಒಂದೊಂದಕ್ಕೂ ಬೇರೆ ಬೇರೆ ಪರಾಗದ ಕಣ, ಅಪ್ಪಂದಿರೂ ಬೇರೆ ಬೇರೆ ಇರಬಹುದು. ಅಜ್ಜಿ ಮನೆಯಲ್ಲಿ ನಿಮ್ಮ ನಾಲಿಗೆ ಮೆಚ್ಚಿದ್ದು ತಾಯಿಯನ್ನು, ನೀವು ಮಣ್ಣಿಗೆ ಹಾಕಿದ್ದು ಮಗುವನ್ನು. ಅದೇ ಮರದ ಪರಾಗವೇ ಬಿದ್ದಿದ್ದರೂ ಪೂರಾ ಅಮ್ಮನ ಹಾಗೆ ಆಗುತ್ತಿರಲಿಲ್ಲ. ಅಮ್ಮನೊಳಗೇ ಅವಳ ಅಪ್ಪ ಅಮ್ಮರ ಗುಣಗಳೆರಡೂ ಬೆರೆತಿವೆ, ಪ್ರತಿ ಬೀಜದಲ್ಲೂ ಇಸ್ಪೀಟು ಎಲೆ ಕಲಸಿ ಹಂಚಿದ ಹಾಗೆ ಬೇರೆ ಬೇರೆ ಎಲೆ ಬೀಳುತ್ತವೆ.

ಎಲ್ಲ ಬೆಳೆಯಲ್ಲೂ ಹೀಗೇ ಅಂದುಕೊಳ್ಳಬೇಡಿ. ಮುಸುಕಿನ ಜೋಳದಲ್ಲಿ ನಾವು ತಿನ್ನುವುದು ಬೀಜವನ್ನೇ, ಅದರ ಬುತ್ತಿಯಲ್ಲಿ ಅಪ್ಪನ ಪಾಲೂ ಇದೆ. ಹಾಗಾಗಿ ಪಕ್ಕದ ಹೊಲದ ಬೇರೆ ಬಣ್ಣದ ಜೋಳದ ಪರಾಗ ಬಿದ್ದರೆ ಅದೇ ವರ್ಷ, ಅದೇ ತೆನೆಯಲ್ಲಿ ಬಣ್ಣದ ಕಾಳು ಕಾಣಿಸುತ್ತದೆ. ಮಾವಿನಲ್ಲಿ ಇನ್ನೊಂದು ಚಮತ್ಕಾರ. ಪಶ್ಚಿಮ ಕರಾವಳಿಯ ಓಲೂರು, ಬಪ್ಪಕಾಯಿಯಂಥ ಕೆಲವು ತಳಿಗಳ ಒಂದು ಓಟೆಯಿಂದ ಮೂರು ನಾಲ್ಕು ಸಸಿ ಏಳುತ್ತವೆ. ಅವುಗಳಲ್ಲಿ ಹೆಚ್ಚಿನವು ಪರಾಗದ ಹಂಗಿಲ್ಲದೆ ತಾಯಿಯ ಅಂಗಾಂಶದಿಂದಲೇ ಹುಟ್ಟಿದವು, ತಾಯಿಯ ಪಡಿಯಚ್ಚು. ಹಲಸಿಗೆ ಆ ಭಾಗ್ಯವಿಲ್ಲ. ಹಲಸಿನ ಸೋದರಸಂಬಂಧಿ ಜೀಗುಜ್ಜೆಯದು ಮತ್ತೊಂದು ಕಥೆ, ನಾವು ಬೆಳೆಸುವ ತಳಿಗಳಲ್ಲಿ ಬೀಜವೇ ಇಲ್ಲ, ಬೇರಿನಿಂದ ಎದ್ದ ಸಸಿಯನ್ನೇ ನೆಡಬೇಕು. ಹಾಗಿದ್ದದ್ದಕ್ಕೇ ಬ್ರಿಟಿಷರು ತಾಹಿತಿ ದ್ವೀಪದಿಂದ ಅದನ್ನು ಸಾಗಿಸಲು ಬೌಂಟಿ ಎಂಬ ಹಡಗಿನಲ್ಲಿ ಸಾವಿರಕ್ಕೂ ಹೆಚ್ಚು ಸಸಿ ಹೇರಿಕೊಂಡು ಹೊರಟರು. 1789ರಲ್ಲಿ ನಾವಿಕರು ದಂಗೆ ಎದ್ದು ಸಸಿಗಳನ್ನೆಲ್ಲ ಸಮುದ್ರಕ್ಕೆ ಎಸೆದರು. ಬೀಜ ಇದ್ದಿದ್ದರೆ ಒಂದು ಚೀಲದಲ್ಲಿ ಮುಗಿಯುತ್ತಿತ್ತು.

ಅಜ್ಜಿ ಮನೆಯ ಮರವನ್ನು ಉಳಿಸಲು ಇರುವ ದಾರಿ ಕಸಿ. ಕಸಿಯಲ್ಲಿ ಹೊಸ ಜೀವ ಹುಟ್ಟುವುದಿಲ್ಲ. ಅದೇ ಮರದ ತುಂಡೊಂದು ಬೇರೆ ಬೇರಿನ ಮೇಲೆ ನಿಂತು ಬದುಕು ಮುಂದುವರಿಸುತ್ತದೆ. ತುಮಕೂರು ಜಿಲ್ಲೆಯ ಚೇಳೂರಿನ ‘ಸಿದ್ದು’ ಹಲಸಿನ ಹೆಸರು ಕೇಳಿರುತ್ತೀರಿ, ತಾಮ್ರಗೆಂಪು ತೊಳೆಯದು. ಅದೂ ಬೀಜದಿಂದ ಆಕಸ್ಮಿಕವಾಗಿ ಬಂದ ಒಂದೇ ಮರ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದನ್ನು ಗುರುತಿಸಿದ ಮೇಲೆ ಸಾವಿರಾರು ಕಸಿ ಗಿಡಗಳಾದವು. ಅವೆಲ್ಲ ಲೆಕ್ಕಕ್ಕೆ ಅದೊಂದೇ ಮರ.

ಕಸಿ ಹಿಡಿಯುವುದು ತೊಗಟೆಗೂ ಮರಕ್ಕೂ ನಡುವೆ ಇರುವ ತೆಳು ಹಸಿ ಪದರದಿಂದ. ಕಾಂಡ ದಪ್ಪವಾಗುವುದು ಆ ಪದರದಿಂದಲೇ. ಸಸಿಯ ಪದರಕ್ಕೆ ಕಡ್ಡಿಯ ಪದರ ಸರಿಯಾಗಿ ಕೂತರೆ ಎರಡೂ ಬೆಸೆಯುತ್ತವೆ. ತೆಂಗು, ಅಡಿಕೆಗೆ ಈ ಪದರ ಇಲ್ಲ, ಅದಕ್ಕೇ ಅವುಗಳಿಗೆ ಕಸಿ ಇಲ್ಲ.

ಮಾಡಬೇಕಾದ್ದು ಇಷ್ಟು. ಬೇರಿಗೆ ಬೇಕಾದ ಸಸಿಗಳನ್ನು ಮೊದಲು ಎಬ್ಬಿಸಿಕೊಳ್ಳಿ. ಅದಕ್ಕೆ ಯಾವ ಹಲಸಿನ ಬೀಜವೂ ಆದೀತು, ನಿಮ್ಮ ಅಂಬಲಿಯದೇ ಹಾಕಿ. ಹಲಸಿನ ಬೀಜ ಒಣಗಿಸಿ ಇಡುವ ಜಾತಿಯದಲ್ಲ, ಒಣಗಿದರೆ ಸಾಯುತ್ತದೆ. ಹಣ್ಣಿಂದ ತೆಗೆದ ಕೆಲವೇ ದಿನಗಳಲ್ಲಿ ಹಾಕಬೇಕು. ಅಡುಗೆಗೆ ಬೇಕೆಂದು ಕೆಮ್ಮಣ್ಣು ಮೆತ್ತಿ ಇಟ್ಟ ಹಳೇ ಬೀಜ ಇದಕ್ಕೆ ಬೇಡ. ಹತ್ತು ಸಸಿ ಬೇಕಿದ್ದರೆ ಇಪ್ಪತ್ತು ಬೀಜ ಹಾಕಿ.

ಕಡ್ಡಿಗೆ ಅಜ್ಜಿ ಮನೆಯ ಮರದ ಹಣ್ಣು ಬಿಡುವ ಕೊಂಬೆಗಳ ತುದಿ ರೆಂಬೆ ಆರಿಸಿ, ಸಸಿಯ ದಪ್ಪವೇ ಇರಲಿ. ಕೊಯ್ಯುವ ಒಂದು ವಾರ ಹತ್ತು ದಿನ ಮೊದಲು ಆ ರೆಂಬೆಯ ಎಲೆಗಳನ್ನು ತೊಟ್ಟಷ್ಟೇ ಬಿಟ್ಟು ಕತ್ತರಿಸಿ. ತುದಿಯ ಮೊಗ್ಗು ಉಬ್ಬುತ್ತದೆ. ಚಿಗುರು ಒಡೆಯುವ ಮೊದಲೇ ಕಡ್ಡಿ ಕೊಯ್ದು, ಒದ್ದೆ ಬಟ್ಟೆಯಲ್ಲೋ ಬಾಳೆಪಟ್ಟೆಯಲ್ಲೋ ಸುತ್ತಿ ಅವತ್ತೇ ಮನೆಗೆ ತನ್ನಿ. ಹಲಸಿನ ಮೇಣ ಒಂದು ತಲೆನೋವು, ಕೊಯ್ದ ಜಾಗ ಚೆನ್ನಾಗಿ ಒರೆಸಿಯೇ ಜೋಡಿಸಬೇಕು. ನೀವೇ ಕಟ್ಟುವುದಕ್ಕಿಂತ ಕೈ ಪಳಗಿದವರನ್ನು ಕರೆಸುವುದು ಒಳ್ಳೆಯದು. ಮಲೆನಾಡಿನಲ್ಲಿ ಅಪ್ಪೆಮಿಡಿ ಮಾವಿಗೆ ಕಸಿ ಕಟ್ಟುವವರು ಊರಿಗೊಬ್ಬರಾದರೂ ಸಿಗುತ್ತಾರೆ, ಹಲಸಿಗೂ ಅದೇ ಕೈ. ಹಿಡಿದರೆ ಮೂರು ನಾಲ್ಕು ವಾರದಲ್ಲಿ ಚಿಗುರು ಕಾಣುತ್ತದೆ. ಕಡ್ಡಿ ಬಂದದ್ದು ಆಗಲೇ ಹಣ್ಣು ಬಿಡುವ ವಯಸ್ಸಿನ ಮರದಿಂದಾದ್ದರಿಂದ ಬೀಜದ ಮರದಷ್ಟು ಕಾಯಬೇಕಿಲ್ಲ, ನಾಲ್ಕನೇ ವರ್ಷದ ಹೊತ್ತಿಗೆ ಕಾಯಿ ಎದುರು ನೋಡಬಹುದು. ಎಲ್ಲ ಸಸಿಗೂ ಒಂದೇ ದಿನ ಕಟ್ಟಿಸಬೇಡಿ, ಎರಡು ಮೂರು ಕಂತಿನಲ್ಲಿ ಮಾಡಿ. ಬೇಸಿಗೆಗೆ ಮರ ಬೀಳುವುದಾದರೆ ಮೊದಲ ಕಂತಿನ ಕಡ್ಡಿ ಈ ಮಳೆಗಾಲ ಕಳೆದ ಕೂಡಲೇ ಬರಲಿ.

ಹಿತ್ತಲಿನ ಅಂಬಲಿಯನ್ನು ಕಡಿಯುವ ಯೋಚನೆ ಇದ್ದರೆ ತಡೆಯಿರಿ. ಮೊದಲ ಹಣ್ಣು ನೋಡಿ ಮರದ ಗುಣ ತೀರ್ಮಾನ ಮಾಡಬಾರದು, ಇನ್ನೆರಡು ವರ್ಷ ತಿಂದು ನೋಡಿ. ಕಡುಬಿಗಂತೂ ಅಂಬಲಿಯೇ ಸರಿ, ಬಕ್ಕೆ ಅರೆಯುವವರ ಕಷ್ಟ ನಿಮ್ಮ ಅತ್ತೆಯವರನ್ನು ಕೇಳಿ. ಮತ್ತೆ ಡಿಸೆಂಬರ್ ಜನವರಿಯಲ್ಲಿ ಮಗಳನ್ನು ಮರದ ಬುಡಕ್ಕೆ ಕರೆದುಕೊಂಡು ಹೋಗಿ, ಬಳೆ ತೊಟ್ಟದ್ದು ಎಷ್ಟು, ತೊಡದ್ದು ಎಷ್ಟು ಎಂದು ಎಣಿಸಲು ಹೇಳಿ. ಎಣಿಕೆ ನನಗೂ ಬರೆದು ಕಳಿಸಿ.